ತನ್ನ ಗಂಟನ್ನು ತಾನೇ ಬಿಚ್ಚಿದ ಕಿವಿಯಕ್ಕ

ಬೆಳಗಿನ ಐದೂವರೆ. ವಿಮಾನ ತರಬೇತಿ ಶಾಲೆಯ ಹ್ಯಾಂಗರಿನಲ್ಲಿ ನಿಂತಿರುವ ನಾಲ್ಕು ಸೀಟಿನ ಪುಟ್ಟ ವಿಮಾನದ ಬಾಗಿಲಿನಿಂದ ಎರಡು ಕಾಲುಗಳು ಹೊರಚಾಚಿವೆ. ಒಂದಕ್ಕೆ ಕಂದು ಸಾಕ್ಸು, ಇನ್ನೊಂದಕ್ಕೆ ನೀಲಿ. ತಲೆ ನೋಡಬೇಕೆನ್ನುವವರು ಬಗ್ಗಿ, ಪೈಲಟ್ ಕಾಲಿಡುವ ಸಂದಿಗೆ ಟಾರ್ಚು ಬಿಡಬೇಕು. ಅಲ್ಲಿ ಬೆನ್ನಡಿ ದಿಂಬು ಹಾಕಿಕೊಂಡು, ಮೂಗಿನ ಮೇಲೆ ನೇತಾಡುವ ವೈರುಗಳ ನಡುವೆ ಅಂಗಾತ ಮಲಗಿರುವ ಐವತ್ತಮೂರರ ಹೆಂಗಸು ಕಣ್ಣು ಮುಚ್ಚಿಕೊಂಡಿದ್ದಾರೆ. ನಿದ್ದೆಯಲ್ಲ. ಕೇಳಿಸಿಕೊಳ್ಳುತ್ತಿದ್ದಾರೆ.

ಹ್ಯಾಂಗರಿನವರಿಗೆಲ್ಲ ಇವರು ಕಿವಿಯಕ್ಕ. ವಿಮಾನದೊಳಗೆ ದನಿ ಓಡಾಡುವ ತಂತಿಗಳೆಲ್ಲ ಇವರ ಪಾಲು. ರೇಡಿಯೊದ ಮಾತು, ಪಕ್ಕದ ಸೀಟಿನವರ ಮಾತು, ಅಪಾಯ ಬಂದಾಗ ಕೂಗುವ ಎಚ್ಚರಿಕೆಯ ಸದ್ದು, ಎಲ್ಲವೂ ಇಂಟರ್‌ಕಾಮ್ ದಾಟಿ ಪೈಲಟ್‌ನ ಹೆಡ್‌ಸೆಟ್ಟಿಗೆ ತಲುಪಬೇಕು. ತಲುಪಿದರೆ ಯಾರೂ ಇವರನ್ನು ನೆನೆಯುವುದಿಲ್ಲ. ತಲುಪದಿದ್ದರೆ ಎಲ್ಲರಿಗೂ ಇವರೇ ಬೇಕು.

ಇವತ್ತಿನ ದೂರು ಚಕ್ರದ್ದು. ಈ ವಿಮಾನ ಹಾರುವಾಗ ಚಕ್ರ ಮಡಚಿಕೊಳ್ಳುತ್ತದೆ. ಇಳಿಯುವಾಗ ಪೈಲಟ್ ಅದನ್ನು ಬಿಡಿಸಲು ಮರೆತರೆ ಹೆಡ್‌ಸೆಟ್ಟಿನಲ್ಲಿ ಬೀಪ್ ಬೀಪ್ ಎಂದು ಕೂಗಬೇಕು. ಕೂಗುತ್ತದೆ, ಆದರೆ ಪಕ್ಕದ ಮನೆಯ ಅಲಾರಾಂ ಕೂಗಿದ ಹಾಗೆ. ಕಳೆದ ವಾರ ತರಬೇತುದಾರರೊಬ್ಬರು ಚಕ್ರ ಬಿಡಿಸದೆ ವಿಮಾನವನ್ನು ಅದರ ಹೊಟ್ಟೆಯ ಮೇಲೆ ಇಳಿಸುವುದು ಸ್ವಲ್ಪದರಲ್ಲಿ ತಪ್ಪಿತು. ಕಾಪಾಡಿದ್ದು ಅವರ ಕಣ್ಣು. ಕಿವಿಗೆ ಏನೂ ಬಿದ್ದಿರಲಿಲ್ಲ.

ವಿಮಾನದ ದಾಖಲೆ ಪುಸ್ತಕದಲ್ಲಿ ಇದೇ ದೂರು ನಾಲ್ಕು ಸಲ ಬಂದಿದೆ. ನಾಲ್ಕೂ ಸಲ ಕೆಳಗೆ ಒಂದೇ ಉತ್ತರ: ‘ನೆಲದ ಮೇಲೆ ಪರೀಕ್ಷಿಸಿದೆ, ಸರಿಯಿದೆ.’ ಈ ಕಸುಬಿನಲ್ಲಿ ಇದಕ್ಕಿಂತ ನೆಮ್ಮದಿಯ ವಾಕ್ಯ ಇನ್ನೊಂದಿಲ್ಲ. ಎಂಜಿನ್ ಆರಿಸಿ, ಬಾಗಿಲು ಮುಚ್ಚಿ, ಪರೀಕ್ಷೆಯ ಗುಂಡಿ ಒತ್ತಿದರೆ ಸೊಳ್ಳೆ ಹಾಡಿದ್ದೂ ಕೇಳಿಸುತ್ತದೆ.

ಒಂಬತ್ತಕ್ಕೆ ಇದೇ ವಿಮಾನವನ್ನು ಹಲ್ಲಿನ ಡಾಕ್ಟರೊಬ್ಬರು ಮೊದಲ ಬಾರಿಗೆ ಒಬ್ಬರೇ ಹಾರಿಸಬೇಕು. ಪಕ್ಕದಲ್ಲಿ ನೆನಪಿಸಲು ಯಾರೂ ಇರುವುದಿಲ್ಲ. ಅದಕ್ಕೆ ಮೊದಲು ಕಿವಿಯಕ್ಕ ಸಹಿ ಹಾಕಬೇಕು.

ಹ್ಯಾಂಗರಿನ ಉಸ್ತುವಾರಿ ಇನ್ನೊಂದು ಹೆಡ್‌ಸೆಟ್ ಕಿವಿಗಿಟ್ಟುಕೊಂಡು, ಬಾಗಿ ಕೇಳುತ್ತಾರೆ: “ಅಕ್ಕಾ, ನನಗೇನೋ ಚೆನ್ನಾಗೇ ಕೇಳಿಸ್ತಿದೆ. ನಿಮ್ಮ ಕಿವಿಗೂ ವಯಸ್ಸಾಯ್ತೇನೋ?”

“ಆಗಿದ್ರೆ ನಿಮ್ಮ ಗೊಣಗಾಟ ಕೇಳಿಸ್ತಿರ್ಲಿಲ್ಲ ಸಾರ್. ಅಷ್ಟು ಪುಣ್ಯ ಎಲ್ಲಿ ಮಾಡಿದೀನಿ?”

ಮೊದಲ ಒಂದು ಗಂಟೆ ಕಿವಿಯಕ್ಕ ಏನನ್ನೂ ಬಿಚ್ಚುವುದಿಲ್ಲ, ಏನನ್ನೂ ಬದಲಿಸುವುದಿಲ್ಲ. ಇದು ಅವರ ಕಟ್ಟಳೆ. “ಕೈ ಚುರುಕಾಗಿರೋರು ಮೊದಲು ಹೆಡ್‌ಸೆಟ್ ಬದಲಾಯಿಸ್ತಾರೆ, ಆಮೇಲೆ ಸ್ಪೀಕರ್ ಬದಲಾಯಿಸ್ತಾರೆ. ಕೊನೆಗೆ ದೂರು ಬರೆದವರನ್ನೇ ಬದಲಾಯಿಸಿ ಅಂತಾರೆ” ಎನ್ನುತ್ತಾರೆ. ಎಡ ಸೀಟಿನಲ್ಲಿ ಕೇಳುತ್ತಾರೆ, ಬಲ ಸೀಟಿನಲ್ಲಿ ಕೇಳುತ್ತಾರೆ. ಎರಡರಲ್ಲೂ ಸದ್ದು ಅಷ್ಟೇ ಕ್ಷೀಣ. ಹಾಗಾದರೆ ಹೆಡ್‌ಸೆಟ್ಟಿನ ತಪ್ಪಲ್ಲ. ರೇಡಿಯೊ ಹಾಕಿದರೆ ಮಾತು ಗಡದ್ದಾಗಿ ಬರುತ್ತದೆ. ಹಾಗಾದರೆ ಇಂಟರ್‌ಕಾಮಿನದೂ ಅಲ್ಲ. ಉಳಿಯುವುದು ಎಚ್ಚರಿಕೆಯ ಸದ್ದು ಹೊರಡಿಸುವ ಪೆಟ್ಟಿಗೆಗಳಿಂದ ಬರುವ ಒಂದೇ ಒಂದು ತಂತಿ.

ಈ ಶಿಸ್ತು ಬಂದದ್ದು ಟೆಲಿಫೋನ್ ಕಚೇರಿಯಿಂದ. ಅಲ್ಲಿ ಹತ್ತು ವರ್ಷ ಕೆಟ್ಟ ಫೋನುಗಳನ್ನು ರಿಪೇರಿ ಮಾಡಿದವರು ಇವರು. ಕಚೇರಿಗೆ ಬೀಗ ಬಿದ್ದ ಮೇಲೆ, ಮೂವತ್ತೊಂದನೆಯ ವಯಸ್ಸಿನಲ್ಲಿ, ಈ ಹ್ಯಾಂಗರಿನ ಬಾಗಿಲು ತಟ್ಟಿದರು. ಮೊದಲ ಹದಿನಾಲ್ಕು ತಿಂಗಳು ಕೈಗೆ ಕೊಟ್ಟದ್ದು ಒರೆಸುವ ಬಟ್ಟೆ ಮಾತ್ರ. ಪೈಲಟ್ ಮುಂದಿನ ಮೀಟರುಗಳ ಪ್ಯಾನೆಲ್ಲಿನ ಹಿಂದಿನ ಸಂದಿಗೆ ಉಳಿದವರ ಹೊಟ್ಟೆ ಹಿಡಿಸದಿದ್ದ ಒಂದು ದಿನ, “ಅಮ್ಮಾ, ನೀನು ಒಳಗೆ ಹೋಗ್ತೀಯಾ?” ಎಂದು ಯಾರೋ ಕೇಳಿದರು. ಹೋದರು. ಅಲ್ಲಿಂದ ಇಪ್ಪತ್ತು ವರ್ಷಕ್ಕೂ ಮೇಲೆ ಆ ಸಂದಿಯೇ ಇವರ ಕಚೇರಿ.

ಒಂಬತ್ತು ವಿಮಾನಗಳು. ಒಂದೊಂದರ ಪ್ಯಾನೆಲ್ಲಿಗೂ ಹದಿನಾಲ್ಕು ಸ್ಕ್ರೂ. ದಿನಕ್ಕೆ ಸರಾಸರಿ ನಾಲ್ಕು ತಾಸು ಅಂಗಾತ. ಎಡತೋಳು ಕಿವಿಯ ಮೇಲಕ್ಕೆ ಏಳುವುದಿಲ್ಲ, ಜಡೆ ಹಾಕಲು ಮಗಳು ಬೇಕು. ಬೆನ್ನಡಿಯ ದಿಂಬು ಗಂಡನ ಕೈಕೆಲಸ. ಅವರು ಕಾರುಗಳ ಸೀಟು ಹೊಲಿಯುವವರು. “ಮನೇಲಿ ಕುಕ್ಕರ್ ಎಂಟು ಸಲ ಕೂಗಿದ್ರೂ ಇವಳಿಗೆ ಕೇಳಿಸಲ್ಲ” ಎಂಬುದು ಅವರ ದೂರು. ಇದಕ್ಕೂ ನೆಲದ ಮೇಲೆ ಪರೀಕ್ಷೆ ನಡೆದಿದೆಯಂತೆ, ಸರಿಯಿದೆಯಂತೆ.

ಏಳು ಗಂಟೆ ಹತ್ತು ನಿಮಿಷ. ಎಚ್ಚರಿಕೆಯ ಪೆಟ್ಟಿಗೆಗಳು ಎರಡು. ಒಂದು ಚಕ್ರದ್ದು; ಇನ್ನೊಂದು, ಬೇರೆ ವಿಮಾನ ತೀರಾ ಹತ್ತಿರ ಬಂದರೆ ಕೂಗುವಂಥದ್ದು. ಕಿವಿಯಕ್ಕ ಎರಡನೆಯದರ ಪ್ಲಗ್ ಎಳೆದು, ಮತ್ತೆ ಚಕ್ರದ ಗುಂಡಿ ಒತ್ತುತ್ತಾರೆ. ಬೀಪ್ ಸದ್ದು ಎಷ್ಟು ಜೋರಾಗಿ ಬರುತ್ತದೆಂದರೆ, ಹೆಡ್‌ಸೆಟ್ ಅವರ ಕುತ್ತಿಗೆಯಲ್ಲಿದ್ದರೂ ಹೊರಗೆ ನಿಂತ ಉಸ್ತುವಾರಿಗೆ ಕೇಳಿಸುತ್ತದೆ.

“ಎರಡು ಪೆಟ್ಟಿಗೆ ಒಂದೇ ತಂತಿಯಲ್ಲಿ ಮಾತಾಡ್ಬೇಕು ಅಂದ್ರೆ, ಎರಡರ ಮುಂದೂ ಒಂದೊಂದು ರೆಸಿಸ್ಟರ್ ಕೂರಿಸ್ಬೇಕು. ಅಕ್ಕಿಕಾಳಿನಷ್ಟು ವಸ್ತು. ಅದಿಲ್ದಿದ್ರೆ ಒಂದು ಕೂಗಿದ್ದನ್ನ ಇನ್ನೊಂದು ಕುಡಿದುಬಿಡತ್ತೆ. ಪೈಲಟ್‌ಗೆ ಉಳಿಯೋದು ತಳದ ಗಸಿ” ಎಂದು ವಿವರಿಸುತ್ತಾರೆ.

ಎರಡೂ ತಂತಿಗಳು ಕೂಡುವ ಜಾಗ ವೈರುಗಳ ಕಂತೆಯೊಳಗಿದೆ. ಕಂತೆಯನ್ನು ಮೇಣದ ದಾರದಿಂದ ಅಂಗುಲಕ್ಕೊಂದು ಗಂಟು ಹಾಕಿ ಬಿಗಿದಿದ್ದಾರೆ. ಕತ್ತರಿ ಹಿಡಿದ ಕೈ ಅಲ್ಲೇ ನಿಲ್ಲುತ್ತದೆ. ಗಂಟುಗಳೆಲ್ಲ ಎಡಕ್ಕೆ ಸುತ್ತಿವೆ. ಈ ಹ್ಯಾಂಗರಿನಲ್ಲಿ ಎಡಗೈಯವರು ಒಬ್ಬರೇ.

“ನಂದೇ” ಎನ್ನುತ್ತಾರೆ ಕಿವಿಯಕ್ಕ.

ಬಿಚ್ಚಿ ನೋಡಿದರೆ, ರೆಸಿಸ್ಟರ್ ಇರಬೇಕಾದ ಎರಡು ಕಡೆಯೂ ಬರೀ ತಂತಿಗೆ ತಂತಿ. ಎರಡು ವರ್ಷದ ಹಿಂದೆ, ಒಂದೇ ವಾರದಲ್ಲಿ, ಮೂರು ವಿಮಾನಗಳಿಗೆ ಈ ಎರಡನೆಯ ಪೆಟ್ಟಿಗೆ ಕೂರಿಸಿದ್ದು ಅವರೇ. ಎಂಜಿನ್ ಆರಿಸಿ, ಬಾಗಿಲು ಮುಚ್ಚಿ ಕೇಳಿದ್ದರು. ಪುಸ್ತಕದಲ್ಲಿ ಅವರೂ ಬರೆದಿದ್ದರು: ಸರಿಯಿದೆ.

ಉಸ್ತುವಾರಿ ಗಡಿಯಾರ ನೋಡುತ್ತಾರೆ. “ಸಿಕ್ತಲ್ಲ ಬಿಡಿ ಅಕ್ಕಾ. ಎರಡು ಕಾಳು ಹಾಕಿ, ‘ಜೋಡಣೆ ಸರಿಪಡಿಸಿದೆ’ ಅಂತ ಬರೀರಿ. ಸುಳ್ಳಂತೂ ಅಲ್ವಲ್ಲ.”

“ಹಾಗೆ ಬರೆದ್ರೆ ಉಳಿದೆರಡನ್ನ ಯಾರು ಬಿಚ್ಚಿ ನೋಡ್ತಾರೆ ಸಾರ್?”

“ಮೂರೂ ನಿಲ್ಸೋದಾ? ಇವತ್ತು ಹನ್ನೊಂದು ಜನ ಬರ್ತಾರೆ ಕಲಿಯೋಕೆ. ಅವರ ಕೈಗೆ ಗಾಳಿಪಟ ಕೊಡ್ಲಾ?”

“ಕೊಡಿ. ಅದಕ್ಕೆ ವೈರಿಂಗ್ ಇಲ್ಲ, ನಾನು ಕೆಡ್ಸೋಕಾಗಲ್ಲ.”

ನಗು ಅಷ್ಟಕ್ಕೇ ಮುಗಿಯುತ್ತದೆ. ಬರೆದರೆ ಇಪ್ಪತ್ತೆರಡು ವರ್ಷದಲ್ಲಿ ಇವರ ಹೆಸರಿನ ಮುಂದೆ ಬೀಳುವ ಮೊದಲ ತಪ್ಪು ಇದು. ಅದೂ ಒಂದಲ್ಲ, ಮೂರಿರಬಹುದು. ಮುಂದಿನ ತಿಂಗಳು ಅವರ ಪರವಾನಗಿಯ ನವೀಕರಣವಿದೆ. ಪರಿಶೀಲಕರು ಮೊದಲು ತೆರೆಯುವುದೇ ಈ ಪುಸ್ತಕ. ಕಿವಿಯಕ್ಕ ಕೈ ಒರೆಸಿಕೊಂಡು, ರೆಕ್ಕೆಯ ಮೇಲೆ ಪುಸ್ತಕ ಇಟ್ಟುಕೊಂಡು, ನಿಧಾನವಾಗಿ ಬರೆಯುತ್ತಾರೆ: ‘ಎರಡು ವರ್ಷದ ಹಿಂದೆ ಅಳವಡಿಸುವಾಗ ರೆಸಿಸ್ಟರ್ ಹಾಕಿಲ್ಲ. ಅಳವಡಿಸಿದವಳು ನಾನು. ಅದೇ ವಾರ ಅಳವಡಿಸಿದ ಇನ್ನೆರಡು ವಿಮಾನಗಳನ್ನು ಬಿಚ್ಚಿ ನೋಡುವ ತನಕ ಹಾರಿಸಬಾರದು.’ ಕೆಳಗೆ ಪೂರ್ತಿ ಸಹಿ.

ಉಸ್ತುವಾರಿ ಓದಿ, ಫೋನ್ ಮಾಡಲು ಹೋಗುತ್ತಾರೆ. ಹನ್ನೊಂದು ಫೋನು.

ಮೂರನ್ನೂ ನೋಡಿ ಮುಗಿಸುವ ತನಕ ಯಾವುದೂ ಹಾರುವುದಿಲ್ಲ ಎಂದು ತಿಳಿದು, ಒಂಬತ್ತಕ್ಕೆ ಬಂದ ಹಲ್ಲಿನ ಡಾಕ್ಟರರ ಮುಖ ಸಪ್ಪೆಯಾಗುತ್ತದೆ. “ಒಂದು ಬೀಪ್‌ಗೋಸ್ಕರ ಇಷ್ಟೆಲ್ಲಾನಾ?”

“ಡಾಕ್ಟ್ರೇ, ನಿಮ್ಮ ಕೊರೆಯೋ ಮಿಷನ್ ಓಡ್ತಿರೋವಾಗ ರೋಗಿ ‘ಅಮ್ಮಾ’ ಅಂದ್ರೆ ಕೇಳಿಸತ್ತಾ?”

ಡಾಕ್ಟರು ಯೋಚಿಸಿ, ಪ್ರಾಮಾಣಿಕವಾಗಿ ಹೇಳುತ್ತಾರೆ: “ಇಲ್ಲ. ಕೈ ಆಡಿಸಿದ್ರೆ ಗೊತ್ತಾಗತ್ತೆ.”

“ಚಕ್ರಕ್ಕೆ ಕೈ ಇಲ್ಲ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಮಧ್ಯಾಹ್ನ ಮೂರರ ಹೊತ್ತಿಗೆ ಉಳಿದೆರಡು ಕಂತೆಗಳೂ ಬಿಚ್ಚಿಕೊಂಡಿವೆ. ಒಂದರಲ್ಲಿ ರೆಸಿಸ್ಟರುಗಳು ಸರಿಯಾಗಿ ಕೂತಿವೆ. ಇನ್ನೊಂದರಲ್ಲಿ ಇಲ್ಲ. ಆ ವಿಮಾನದ ಬಗ್ಗೆ ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿರಲಿಲ್ಲ. ಅದನ್ನು ನೋಡಿದ ಮೇಲೆ ಉಸ್ತುವಾರಿ ಬೆಳಗಿನ ಬಿಗಿ ಬಿಟ್ಟು ಕೇಳುತ್ತಾರೆ: “ಊಟ ಮಾಡಿದ್ರಾ ಅಕ್ಕಾ?” ಪರಿಶೀಲಕರು ಕೇಳಿದರೆ ಏನು ಹೇಳುತ್ತೀರಿ ಎಂದರೆ ಕಿವಿಯಕ್ಕನದು ಒಂದೇ ಉತ್ತರ: “ಬರೆದಿರೋದನ್ನ ಓದ್ಕೊಳ್ಳಿ ಅಂತೀನಿ. ಅಕ್ಷರ ದುಂಡಗಿದೆ.”

ಡಾಕ್ಟರರ ವಿಮಾನಕ್ಕೆ ರೆಸಿಸ್ಟರ್ ಕೂರಿಸಿದ ಮೇಲೆ, ಈ ಸಲ ಅವರು ಎಂಜಿನ್ ಚಾಲೂ ಮಾಡಿಸಿ, ಡಾಕ್ಟರರ ಪಕ್ಕದ ಸೀಟಿನಲ್ಲಿ ಕೂತು ಕೇಳುತ್ತಾರೆ. ಇನ್ನು ಮುಂದೆ ಒಂಬತ್ತೂ ವಿಮಾನಗಳಿಗೆ ಇದೇ ನಿಯಮವಂತೆ. ನಾಲ್ಕೂಕಾಲಿಗೆ ಡಾಕ್ಟರು ಒಬ್ಬರೇ ಏರುತ್ತಾರೆ. ಐದಕ್ಕೆ, ಮೂರೂ ಚಕ್ರ ನೆಲಕ್ಕೆ ತಾಗಿಸಿ ಇಳಿದು, ಹೆಡ್‌ಸೆಟ್ ತೆಗೆಯುತ್ತಲೇ ಜಗಳಕ್ಕೆ ಬರುತ್ತಾರೆ.

“ಏನಮ್ಮಾ ಅದು, ಕಿವಿ ಕಿತ್ತು ಹೋಗೋ ಹಾಗೆ ಅರಚ್ಕೊಂಡಿತು! ಚಕ್ರ ಬಿಡಿಸೋ ಲಿವರ್ ಎಳೆಯೋದು ಒಂದು ಕ್ಷಣ ತಡ ಆಯ್ತು ಅಷ್ಟೇ. ಸ್ವಲ್ಪ ಕಮ್ಮಿ ಮಾಡೋಕಾಗಲ್ವಾ?”

ಕಿವಿಯಕ್ಕ ಇನ್ನೊಂದು ವಿಮಾನದ ಪ್ಯಾನೆಲ್ಲಿನ ಹದಿನಾಲ್ಕನೆಯ ಸ್ಕ್ರೂ ತಿರುಗಿಸುತ್ತ, ತಲೆಯೆತ್ತದೆ ಹೇಳುತ್ತಾರೆ: “ಆಗಲ್ಲ ಡಾಕ್ಟ್ರೇ. ದಿನಾ ಹೀಗೇ ಬಂದು ಬಯ್ಯಿರಿ. ನೀವು ಬಂದು ಬೈದ್ರೆ ನನ್ನ ಕೆಲಸ ಆಯ್ತು ಅಂತ.”