ಗೀಟು ಬಿದ್ದ ಅಂಚೆಚೀಟಿಗಳ ಹತ್ತಿಯಕ್ಕ

ಬೆಳಗಿನ ಐದೂವರೆ. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಒಬ್ಬಾಕೆ ಬಿಳಿ ಅಂಗಿಯ ಜೇಬನ್ನು ಒಳಹೊರಗು ಮಾಡಿ, ಅದರಡಿ ಮಡಿಸಿದ ಬಟ್ಟೆಯಿಟ್ಟು, ಶಾಯಿ ಸೋರಿದ ಜಾಗವನ್ನು ದ್ರಾವಣದಲ್ಲಿ ಅದ್ದಿದ ಹತ್ತಿಯ ಉಂಡೆಯಿಂದ ಒತ್ತುತ್ತಿದ್ದಾರೆ. ಉಜ್ಜುವುದಿಲ್ಲ. ಹತ್ತಿ ನೀಲಿಯಾದರೆ ಎಸೆದು ಹೊಸ ಉಂಡೆ. ಪಕ್ಕದಲ್ಲಿ ನಾದಿನಿ ಇಸ್ತ್ರಿ ಮಾಡುತ್ತಿದ್ದಾರೆ. ಏಳನೆಯ ಉಂಡೆ ಬೆಳ್ಳಗೇ ಉಳಿದಾಗ ಅಂಗಿಯನ್ನು ಕಿಟಕಿಗೆ ಹಿಡಿದು ನೋಡಿ ತಂತಿಗೆ ಹಾಕುತ್ತಾರೆ.

ಬೀದಿಗೆಲ್ಲ ಇವರು ಹತ್ತಿಯಕ್ಕ. ವಯಸ್ಸು ಐವತ್ತನಾಲ್ಕು. ಕಲೆ ತೆಗೆಯುವ ಕೆಲಸಕ್ಕೆ ಮೂವತ್ತೊಂದು ವರ್ಷ. ದಿನಕ್ಕೆ ನಲವತ್ತು ಬಟ್ಟೆ. ದ್ರಾವಣ ತಾಗಿ ತಾಗಿ ಬೆರಳ ತುದಿಯ ಗೆರೆಗಳು ಅಳಿಸಿಹೋಗಿವೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯಂತ್ರಗಳು ಇವರನ್ನು ಒಪ್ಪುವುದೇ ಇಲ್ಲ. ಇವರ ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯಲ್ಲಿ ಮೆಕ್ಸಿಕೊ ದೇಶದ ಮುನ್ನೂರ ಹದಿನೇಳು ಹಳೆಯ ಅಂಚೆಚೀಟಿಗಳಿವೆ ಎಂಬುದು ಬೀದಿಗೆ ಗೊತ್ತಿಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ಒಗೆಯಲು ಬಂದ ಒಂದು ಕೋಟಿನ ಒಳಜೇಬಿನಲ್ಲಿ ಅಂಥ ಒಂಬತ್ತು ಚೀಟಿ ಸಿಕ್ಕಿದವು. ಕೋಟಿನವರಿಗೆ ಕೊಡಲು ಹೋದರೆ, "ಪೆನ್ನಿನ ಗೀಟು ಬಿದ್ದಿದೆ, ಕಸಕ್ಕೆ ಹಾಕಮ್ಮ" ಎಂದರು. ಇವರು ಹಾಕಲಿಲ್ಲ; ಸಂಗ್ರಹ ಅಲ್ಲಿಂದ ಶುರುವಾಯಿತು.

"ಆ ಕಾಲದಲ್ಲಿ ಕಳ್ಳರ ಕಾಟ ಅಂತೆ. ಅದಕ್ಕೆ ಚೀಟಿ ಮಾರೋಕೆ ಯಾವ ಊರಿನ ಕಚೇರಿಗೆ ಹೋಗುತ್ತೋ ಆ ಊರಿನ ಹೆಸರನ್ನ ಅದರ ಮೇಲೇ ಒತ್ತೋರು, ಕದ್ದರೂ ಬೇರೆ ಕಡೆ ನಡೀಬಾರದು ಅಂತ" ಎಂದು ಮಸೂರದಡಿ ತೋರಿಸುತ್ತಾರೆ. "ಬಳಸಿದ ಚೀಟಿ ರದ್ದು ಮಾಡೋಕೆ ದೊಡ್ಡ ಕಚೇರಿಗಳಲ್ಲಿ ಮುದ್ರೆ ಇತ್ತು. ಸಣ್ಣ ಕಡೆ ಎಷ್ಟೋ ಸಲ ಪೆನ್ನಲ್ಲೇ ಗೀಚೋರು. ಈ ಗೀಟು ನೋಡಿ, ಕೈ ನಡುಗಿದೆ. ಇದರಲ್ಲಿ ಮಾತ್ರ ಒಬ್ಬ ಮನುಷ್ಯ ಕಾಣ್ತಾನೆ ನಂಗೆ."

ಸಂಗ್ರಾಹಕರಿಗೆ ಅಂಥವು ಬೇಡ. ಹಾಗಾಗಿ ಕೆಲವರು ಗೀಟನ್ನು ತೊಳೆದು, ಬಳಸದ ಚೀಟಿಯೆಂದು ಮಾರುತ್ತಾರೆ. ಹತ್ತಿಯಕ್ಕನಿಗೂ ಹಾಗೇ ಆಯಿತು. ಹನ್ನೆರಡು ವರ್ಷಗಳ ಹಿಂದೆ ಅಂಚೆಚೀಟಿ ಸಂಘದ ಅಧ್ಯಕ್ಷರಿಂದ ಒಂದು ಚೀಟಿ ಕೊಂಡರು. ದೊಡ್ಡವರ ಎದುರು ಪರೀಕ್ಷೆ ಮಾಡಲು ಸಂಕೋಚ. ಮನೆಗೆ ಬಂದು ಕಪ್ಪು ತಟ್ಟೆಯಲ್ಲಿ ಚೀಟಿ ಪರೀಕ್ಷಿಸುವ ದ್ರಾವಣ ಹಾಕಿ ಮುಳುಗಿಸಿದರೆ, ಶಾಯಿ ತಿಂದು ಸವೆಸಿದ್ದ ಕಾಗದದಲ್ಲಿ ಗೀಟು ಎದ್ದು ನಿಂತಿತು.

"ಊರವರ ಕಲೆ ತೆಗೆಯೋ ನಮ್ಮತ್ತಿಗೆ, ಕಲೆ ತೆಗೆದಿದ್ದನ್ನೇ ಕಾಣದೆ ಬಂದ್ರು!" ನಾದಿನಿ ಇಂದಿಗೂ ಬಿಡುವುದಿಲ್ಲ.

"ನೀನು ಮೊದ್ಲು ಆ ಕಾಲರು ಸುಡದೆ ಇರು" ಎನ್ನುತ್ತಾರೆ ಹತ್ತಿಯಕ್ಕ.

ಈ ವರ್ಷ ಸಂಘದ ಪ್ರದರ್ಶನದಲ್ಲಿ ಅವರಿಗೆ ಮೊದಲ ಬಾರಿ ಚೀಟಿ ಅಂಟಿಸಿದ ಹಾಳೆಗಳನ್ನು ಜೋಡಿಸಲು ಗಾಜಿನ ಒಂದು ಫ್ರೇಮು ಸಿಕ್ಕಿದೆ. ಹದಿನಾರು ಹಾಳೆ; ಅವುಗಳ ನಕಲು ಮೊದಲೇ ಸಮಿತಿಗೆ ಹೋಗಿದೆ. ಒಂಬತ್ತನೆಯದರಲ್ಲಿ ಆ ಚೀಟಿಯನ್ನೇ ಅಂಟಿಸಿ ಕೆಳಗೆ ಬರೆದಿದ್ದಾರೆ: 'ತೊಳೆದದ್ದು. ಗೀಟು ಇಲ್ಲಿತ್ತು. ನಂಬಿ ಕೊಂಡೆ.' ಮಾರಿದವರ ಹೆಸರಿಲ್ಲ. ಸಂಘದಲ್ಲಿ ಗೊತ್ತಿಲ್ಲದವರೂ ಇಲ್ಲ.

ಬುಧವಾರ ಆ ಚೀಟಿ ಮಾರಿದ ಅಧ್ಯಕ್ಷರೇ ಲಾಂಡ್ರಿಗೆ ಬರುತ್ತಾರೆ. ಕೈಯಲ್ಲಿ ಒಗೆಯುವ ಬಟ್ಟೆಯಿಲ್ಲ.

"ಹದಿನೈದು ಹಾಳೆ ಇಡಮ್ಮ, ಸಾಕು. ಒಂಬತ್ತನೇದು ಬೇಡ."

"ಯಾಕೆ ಸರ್? ಬರೆದಿದ್ದು ಸುಳ್ಳಾ?"

"ಸುಳ್ಳು ನಿಜದ ಪ್ರಶ್ನೆ ಅಲ್ಲ. ನೋಡೋರು ಏನಂದ್ಕೋತಾರೆ? ಅದನ್ನ ಇಟ್ರೆ ಫ್ರೇಮೇ ಸಿಗಲ್ಲ."

"ಮೋಸಹೋದವಳು ನಾನು. ನಾನೇ ನಾಚ್ಕೊಳ್ದೆ ಬರ್ಕೊಂಡಿದೀನಿ. ನಿಮಗ್ಯಾಕೆ ಸರ್ ಬೆವರು?"

ಇಸ್ತ್ರಿ ಪೆಟ್ಟಿಗೆ ಟಪ್ಪೆಂದು ಕೂರುತ್ತದೆ. ನಾದಿನಿ ನಗು ತಡೆಯಲು ಬೆನ್ನು ತಿರುಗಿಸುತ್ತಾರೆ. ಅಧ್ಯಕ್ಷರು ಬಂದ ಹಾಗೇ ಹೋಗುತ್ತಾರೆ.

ಆಮೇಲೆ ನಾದಿನಿ ಮೆತ್ತಗೆ ಕೇಳುತ್ತಾರೆ, "ಒಂದು ಹಾಳೆ ತಾನೇ ಅತ್ತಿಗೆ? ಇಪ್ಪತ್ತೆರಡು ವರ್ಷ ಕಾದಿದೀರ."

"ಅದನ್ನ ತೆಗೆದ್ರೆ ನಾನೂ ತೊಳೆದ ಹಾಗೇ ಆಯ್ತಲ್ಲೇ. ಅವರು ಗೀಟು ತೊಳೆದ್ರು, ನಾನು ಹಾಳೆ ತೊಳೆದೆ. ಏನು ವ್ಯತ್ಯಾಸ?"

ಶನಿವಾರ, ಪ್ರದರ್ಶನದ ಬಾಗಿಲು ತೆರೆಯಲು ಇನ್ನೂ ಒಂದು ಗಂಟೆ. ಹತ್ತಿಯಕ್ಕ ಇಸ್ತ್ರಿ ಸೀರೆಯುಟ್ಟು, ರಟ್ಟಿನ ನಡುವೆ ಹಾಳೆಗಳನ್ನಿಟ್ಟುಕೊಂಡು ಸಭಾಂಗಣಕ್ಕೆ ಬರುತ್ತಾರೆ. ಗೋಡೆಯುದ್ದಕ್ಕೂ ಗಾಜಿನ ಫ್ರೇಮುಗಳು ತುಂಬಿವೆ. ಹನ್ನೊಂದನೆಯದು ಖಾಲಿ, ಬೀಗ ಹಾಕಿದೆ. ಅದರ ಮೇಲೆ ಅಂಟಿಸಿದ್ದ ಹತ್ತಿಯಕ್ಕನ ಹೆಸರಿನ ಪಟ್ಟಿಯನ್ನು ಯಾರೋ ಕಿತ್ತಿದ್ದಾರೆ; ಅಂಟು ಹಾಗೇ ಇದೆ. ಸಮಿತಿಯ ಮೇಜಿನ ಹಿಂದೆ ಅಧ್ಯಕ್ಷರೂ ಇನ್ನು ನಾಲ್ವರೂ ಚಹಾ ಕುಡಿಯುತ್ತಿದ್ದಾರೆ. ಬೀಗದ ಕೈಗಳ ಗೊಂಚಲು ಅವರ ನಡುವೆಯೇ ಬಿದ್ದಿದೆ.

ಹತ್ತಿಯಕ್ಕ ಮೇಜಿನ ಮೇಲೆ ಹಾಳೆಗಳನ್ನಿಟ್ಟು ಒಂದೊಂದಾಗಿ ಎಣಿಸುತ್ತಾರೆ. ಒಂಬತ್ತನೆಯದಕ್ಕೆ ಬಂದಾಗ ಒಬ್ಬರು ಕಿಟಕಿಯ ಕಡೆ ನೋಡುತ್ತಾರೆ. ಹದಿನಾರಕ್ಕೆ ಎಣಿಕೆ ಮುಗಿಯುತ್ತದೆ.

"ಎಲ್ಲಾ ತಂದಿದೀನಿ. ಹನ್ನೊಂದರ ಬೀಗದ ಕೈ ಕೊಡಿ."

ಅಧ್ಯಕ್ಷರು ಗೊಂಚಲನ್ನು ತಮ್ಮ ಕಡೆ ಎಳೆದುಕೊಳ್ಳುತ್ತಾರೆ; ಹತ್ತಿಯಕ್ಕ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯುವುದಿಲ್ಲ.