ಉಡಿಯೊಳಗಿನ ಲಂಚ

ಟೊಮೆಟೊ ದುಬಾರಿಯಾದ ದಿನಗಳಲ್ಲಿ ನಮ್ಮ ಮನೆಯ ಸಾರು ಕೆಂಪು ತೊರೆದು ಹುಣಸೆಹಣ್ಣಿನ ಕಂದುಬಣ್ಣಕ್ಕೆ ಇಳಿಯುತ್ತದೆ. ಅದನ್ನು ಅನ್ನಕ್ಕೆ ಸುರಿದುಕೊಂಡು ಟೀವಿಯ ಮುಂದೆ ಕೂತೆನೆಂದರೆ, ಆಳುವವರನ್ನೂ ಆಳಲು ಹವಣಿಸುವವರನ್ನೂ ನಾನು ಒಂದೇ ಉಸಿರಿನಲ್ಲಿ ಜಾಡಿಸುತ್ತೇನೆ. ಧಾರವಾಡದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ನನ್ನಂಥ ಬ್ಯಾಂಕ್ ಅಧಿಕಾರಿಯ ತೆಲುಗು ವಿನಯಕ್ಕೆ ಸಾಕು, ಜಗಳಕ್ಕೆ ಸಾಲದು. ಟೀವಿಯಾದರೋ ನನ್ನ ಕನ್ನಡವನ್ನು ಸಹಿಸಿಕೊಳ್ಳುತ್ತದೆ.

ಹೀಗಿರುವಾಗ ನಗರಪಾಲಿಕೆ ಚುನಾವಣೆಗೆ ನಮ್ಮ ವಾರ್ಡಿನಿಂದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ನಿಂತರು. ಎಲ್ಲರಿಗೂ ಅವರು ಟೀಚರಮ್ಮ. ಆಟೋನಗರದ ಗ್ಯಾರೇಜುಗಳಲ್ಲಿ ಗ್ರೀಸು ಮೆತ್ತಿಕೊಂಡ ಎಷ್ಟೋ ಕೈಗಳು ಅವರ ಬಳಿ ಅಕ್ಷರ ತಿದ್ದಿದ್ದವು. ಅವರು ಹೇಳುತ್ತಿದ್ದದ್ದು ಎರಡೇ ಮಾತು: ನೀರಿನ ದರ, ಮನೆತೆರಿಗೆ ಏರಿದಾಗಲೆಲ್ಲ ಎದ್ದು ನಿಂತು ಕೇಳುತ್ತೇನೆ, ಯಾರಿಂದಲೂ ಒಂದು ಹೂಮಾಲೆಯನ್ನೂ ಸ್ವೀಕರಿಸುವುದಿಲ್ಲ. ನನ್ನ ಧರ್ಮಕೋಪಕ್ಕೆ ಕಡೆಗೂ ಒಬ್ಬರು ವಾರಸುದಾರರು ಸಿಕ್ಕರೆಂದು ಹಿಗ್ಗಿದೆ.

ಒಂದು ಮಧ್ಯಾಹ್ನ ಅವರು ಬೆವರೊರೆಸಿಕೊಳ್ಳುತ್ತ ನಮ್ಮ ಮೂರನೆಯ ಮಹಡಿಗೂ ಹತ್ತಿ ಬಂದರು. ನೀರು ಕುಡಿದು, ಮತ ಕೇಳಿ ಎದ್ದಾಗ, ನನ್ನ ಹೆಂಡತಿ ಮನೆಗೆ ಬಂದ ಮುತ್ತೈದೆಗೆ ನಮ್ಮ ಕಡೆ ಯಾರಾದರೂ ಮಾಡುವುದನ್ನೇ ಮಾಡಿದಳು. ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಮಂಗಳಗಿರಿಯ ಒಂದು ಕುಪ್ಪಸದ ಬಟ್ಟೆ ತಂದು ಉಡಿ ತುಂಬಲು ನಿಂತಳು. ಬೇಡವೆಂದು ಕೈಯೆತ್ತಿದ ಟೀಚರಮ್ಮ, ಉಡಿ ನಿರಾಕರಿಸುವುದು ಅಶುಭವೆಂದು ಇವಳು ಹರಕು ತೆಲುಗಿನಲ್ಲಿ ಪಟ್ಟು ಹಿಡಿದ ಮೇಲೆ ಸೆರಗೊಡ್ಡಿದರು. ಜೊತೆಗೆ ಬಂದವರಲ್ಲಿ ಯಾರೋ ಫೋಟೊ ತೆಗೆದರು.

ಮರುದಿನ ಆ ಫೋಟೊ ವಾರ್ಡಿನ ಎಲ್ಲ ಮೊಬೈಲುಗಳಲ್ಲಿತ್ತು. ಮಾಲೆ ಬೇಡವೆಂದವರು ಮನೆಮನೆಯಲ್ಲಿ ವಸೂಲಿ ಶುರುಮಾಡಿದ್ದಾರೆ ಎಂಬ ಒಕ್ಕಣೆ ಬೇರೆ. ಊರನ್ನೇ ನುಂಗಿದವರ ಹೆಸರನ್ನು ಕೈಮುಗಿದು ಹೇಳುವ ಜನ, ಒಂದು ಕುಪ್ಪಸದ ಬಟ್ಟೆ ಕಂಡು ನೀತಿ ಕೆಟ್ಟಿತೆಂದು ಬೊಬ್ಬೆ ಹಾಕಿದರು. ನನ್ನ ಮೈಯೆಲ್ಲ ಉರಿದುಹೋಯಿತು.

ಅಷ್ಟರಲ್ಲಿ ಟೀಚರಮ್ಮ ಎಲ್ಲವನ್ನೂ ಚೀಲದಲ್ಲಿಟ್ಟುಕೊಂಡು ಬಂದರು. ಇದನ್ನು ವಾಪಸು ತೆಗೆದುಕೊಳ್ಳಿ, ಇಲ್ಲವೇ ಸಂಜೆಯ ಸಭೆಯಲ್ಲಿ ಇದು ಏನೆಂದು ನೀವೇ ಹೇಳಿ ಎಂದು ನನ್ನನ್ನು ಕೇಳಿದರು. ವಿಶಾಖಪಟ್ಟಣದ ಸಮುದ್ರದಂಡೆಯ ಶಾಖೆಗೆ ವರ್ಗಾವಣೆ ಬೇಡಿ ನಾನು ಅರ್ಜಿ ಹಾಕಿದ್ದೆ. ಬ್ಯಾಂಕಿನವರು ರಾಜಕೀಯಕ್ಕೆ ತಲೆ ಹಾಕಬಾರದೆಂಬ ನಿಯಮ ನನಗೆ ಆ ಕ್ಷಣದಲ್ಲಿ ಅಕ್ಷರಶಃ ನೆನಪಾಯಿತು. ಮಾತಿಗೊಂದು ತೆಲುಗಿನ ಗೌರವದ 'ಅಂಡಿ' ಸೇರಿಸಿ ಅದನ್ನು ಅವರಿಗೆ ವಿವರಿಸಿದೆ. ಅವರು ಚೀಲವನ್ನು ಮೇಜಿನ ಮೇಲಿಟ್ಟರು.

ಹೆಂಡತಿ ಚೀಲವನ್ನು ಅವರ ಕಡೆಗೇ ಸರಿಸಿ ನನ್ನತ್ತ ತಿರುಗಿದಳು. "ನೀವು ಬರೂದು ಬ್ಯಾಡ್ರಿ. ಉಡಿ ತುಂಬಿದಾಕಿ ನಾನು, ನಾನೇ ಹೇಳ್ತೀನಿ."

ಸಂಜೆ ನಮ್ಮ ಬೀದಿಯ ತಿರುವಿನಲ್ಲೇ ಸಭೆ. ನಾನು ಬಾಲ್ಕನಿಯಲ್ಲಿ ನಿಂತು ಕೇಳಿದೆ. ಮೈಕು ಹಿಡಿದ ಅವಳ ತೆಲುಗಿನಲ್ಲಿ ಧಾರವಾಡವೇ ಹೆಚ್ಚಿತ್ತು. ಕೊಟ್ಟವಳು ನಾನು, ಅವರು ಕೇಳಿರಲಿಲ್ಲ ಎಂದಳು. ಮನೆಗೆ ಬಂದ ಹೆಣ್ಣುಮಗಳನ್ನು ನೀವಾದರೆ ಬರಿಗೈಯಲ್ಲಿ ಕಳಿಸುತ್ತೀರಾ ಎಂದು ಹೆಂಗಸರನ್ನು ಕೇಳಿದಳು. ಅವರೆಲ್ಲ ಇಲ್ಲವೆಂದು ತಲೆಯಾಡಿಸಿದರು. ಹಿಂದಿನಿಂದ ಒಬ್ಬ, ಹಾಗಿದ್ದರೆ ಬ್ಯಾಂಕ್ ಸಾರ್ ಯಾಕೆ ಬಂದಿಲ್ಲ ಎಂದು ಕೂಗಿದ.

ಅವಳು ಮೇಲೆ ನೋಡಲಿಲ್ಲ. ಅಷ್ಟು ಹೊತ್ತು ತೆಲುಗಿನಲ್ಲಿ ತಿಣುಕಿದವಳು ಅದಕ್ಕೆ ಮಾತ್ರ, ಆ ಗುಂಪಿನಲ್ಲಿ ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಉತ್ತರ ಕೊಟ್ಟಳು.

"ಅವರಿಗೆ ನೌಕರಿ ಅದ."