ಸೋಸಿದ ಬಣ್ಣ

ಲ್ಯಾಬಿನ ಬಣ್ಣದಕ್ಕನಿಗೆ ಗಾಜಿನ ಸ್ಲೈಡು, ಬಣ್ಣ ಮಾರುವವನು ನಾನು. ಬೈಗುಳ ಮಾತ್ರ ಆಕೆಯೇ ನನಗೆ ಪುಕ್ಕಟೆ ಕೊಡುತ್ತಾಳೆ. ಸೂಕ್ಷ್ಮದರ್ಶಕದಲ್ಲಿ ಕಾಣಲೆಂದು ರೋಗಿಗಳ ಜೀವಕೋಶಗಳಿಗೆ ಹಾಕುವ ಬಣ್ಣವನ್ನು ದಿನಾ ಬೆಳಿಗ್ಗೆ ಹಸುಗೂಸಿನ ಹಾಲಿನಂತೆ ಸೋಸುತ್ತಾಳೆ. ಆಕೆಯ ಬಾಟಲಿಗೆ ಧೂಳೂ ಅಪ್ಪಣೆ ಕೇಳಿಯೇ ಬೀಳಬೇಕು. "ವಾರಕ್ಕೊಮ್ಮೆ ಸೋಸಿದ್ರೆ ಸಾಲದೇನಮ್ಮಾ?" ಎಂದು ಲ್ಯಾಬಿನ ಯಜಮಾನರು ಗೊಣಗಿದರೆ, "ಒಬ್ಬರ ಜೀವಕೋಶ ಬಣ್ಣದಲ್ಲಿ ತೇಲಿ ಬಂದು ಇನ್ನೊಬ್ಬರ ಸ್ಲೈಡಿಗೆ ಅಂಟಿದ್ರೆ, ಇಲ್ಲದ ಕ್ಯಾನ್ಸರನ್ನ ಯಾರ ತಲೆಗೆ ಕಟ್ತೀರಿ?" ಎಂದು ತಿರುಗಿಬೀಳುತ್ತಾಳೆ. ಮೊನ್ನೆ ಆಕೆಯ ಸ್ವಂತ ತಂಗಿಯ ಸ್ಲೈಡಿನಲ್ಲೇ ಕ್ಯಾನ್ಸರ್ ಕೋಶಗಳು ಕಂಡವು. ಡಾಕ್ಟರು ಕನಿಕರದಿಂದ, "ಬೇರೆಯವರದ್ದು ಅಂಟಿರಬಹುದು, ಬಿಡಮ್ಮಾ" ಎಂದರು. ಅಕ್ಕ ಸೆಟೆದು ನಿಂತಳು. "ನನ್ನ ಬಣ್ಣದಲ್ಲಾ? ಸಾಧ್ಯವೇ ಇಲ್ಲ. ವರದಿ ಬರೀರಿ ಡಾಕ್ಟ್ರೇ, ನಾಳೆಯೇ ಚಿಕಿತ್ಸೆ ಶುರುವಾಗ್ಲಿ. ತಂಗಿಗೆ ನಾನೇ ಹೇಳ್ತೀನಿ."